ಬಾವಿಕಟ್ಟೆಯ ಇಂಜಿನ್ ಮೀಮಾಂಸೆ

ಹಳೆಯ ಹಾಯಿದೋಣಿಯ ಹೊಟ್ಟೆಯಲ್ಲಿ ಯಾವ ಹೊಸ ಇಂಜಿನ್ ಕೂರಿಸಬೇಕೆಂಬುದು ಕಡಲತೀರದ ಪಂಡಿತರ ತಲೆನೋವು. ಕುಣಿಗಲ್ ದೊಡ್ಡಕೆರೆ ಎಷ್ಟೇ ದೊಡ್ಡದಾದರೂ ಅಲ್ಲಿ ಹಾಯಿ ಬಿಚ್ಚುವ ಸಂಪ್ರದಾಯವಿಲ್ಲ. ಆದ್ದರಿಂದ ಪ್ರಸ್ತುತ ಗ್ರಂಥವು ಸಮಸ್ಯೆಯನ್ನು ಬಾವಿಕಟ್ಟೆಗೆ ಎಳೆದು ತಂದಿದೆ. ಎರಡೂ ಕಡೆ ನೀರು, ಡೀಸೆಲ್ಲು, ಜಿಡ್ಡು ಮತ್ತು ಬಿಟ್ಟಿ ಸಲಹೆ ಹೇರಳ, ಭೇದವೇನಿದ್ದರೂ ಉಪ್ಪಿನದು.

ಚರ್ಚೆಗೆ ಒಳಗಾದ ವಸ್ತು ಅಜ್ಜನ ಕಾಲದ ಲಿಸ್ಟರ್ ಮಾದರಿಯ ಇಂಜಿನ್. ಒಂದೇ ಸಿಲಿಂಡರ್, 6 ಹೆಚ್‌ಪಿ, ನಿಮಿಷಕ್ಕೆ 650 ಸುತ್ತು. ಮೂಲ ಇಂಗ್ಲೆಂಡಿನದು, ಅದರ ನಕಲುಗಳು ರಾಜ್‌ಕೋಟ್‌ನಿಂದ ಬಂದವು. ಹ್ಯಾಂಡಲ್ ತಿರುಗಿಸಿ, ಫ್ಲೈವೀಲ್ ವೇಗ ಹಿಡಿದಾಗ ಲಿವರ್ ಬೀಳಿಸಿದರೆ ಗುಡುಗುತ್ತಿದ್ದ ಇದು ಈಗ ಹೊಗೆ ಬಿಟ್ಟರೆ ಬೇರೇನನ್ನೂ ಉತ್ಪಾದಿಸುತ್ತಿಲ್ಲ. ಬದಲಿ ಯಾವುದು?

ಹೆಚ್ಚು ಕುದುರೆ ಇರುವುದೇ ಉತ್ತಮ ಎಂಬುದು ಪೂರ್ವಪಕ್ಷ. ಟಿಪ್ಪುವಿನ ದಂಡಿಗೆ ಕುದುರೆ ಸಾಕಿ, ಆಮೇಲೆ ರೇಸಿನ ಕುದುರೆಗೆ ಹೆಸರಾದ ಊರಿನಲ್ಲಿ ಈ ವಾದಕ್ಕೆ ಬೆಂಬಲ ಸಹಜ. ಆದರೆ ಅಶ್ವಶಕ್ತಿಗೆ ಅಳತೆ ಕಟ್ಟಿದ ಜೇಮ್ಸ್ ವಾಟ್, ಟಿಪ್ಪುವಿನ ಸಮಕಾಲೀನನಾಗಿದ್ದೂ, ಕುಣಿಗಲ್ಲಿನ ಲಾಯಕ್ಕೆ ಬಂದವನಲ್ಲ. ಅವನ ಕುದುರೆ 746 ವ್ಯಾಟಿಗೇ ಸುಸ್ತು. ನಿಜವಾದ ಕುದುರೆ ಕೆಲವು ಕ್ಷಣ ಸುಮಾರು 15 ಹೆಚ್‌ಪಿ ಕೊಡಬಲ್ಲದೆಂದು 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಅಂದರೆ ಒಂದು ಕುದುರೆಗೆ ಎರಡೂವರೆ ಲಿಸ್ಟರ್ ಸಮ.

ಈ ಸಮೀಕರಣಕ್ಕೆ ಕೂಡಲೇ ಕೆಲಸ ಬೀಳುತ್ತದೆ. ಹೊಸ ಇಂಜಿನ್ನುಗಳು ಹಗುರ, ಓಟ 1500 ಸುತ್ತಿನದು. ಪೂರ್ವಪಕ್ಷದವರು ಹಳೆಯದರ 14 ಅಂಗುಲದ ಪುಲಿಯನ್ನು "ಚೆನ್ನಾಗೇ ಐತಲ್ಲ" ಎಂದು ಹೊಸದಕ್ಕೆ ಸಿಕ್ಕಿಸುತ್ತಾರೆ. ಪಂಪಿನ ಪುಲಿ 6 ಅಂಗುಲ. ಹಿಂದೆ ಅದು ಸುಮಾರು 1500 ಸುತ್ತು ತಿರುಗುತ್ತಿತ್ತು, ಈಗ 3500 ತಿರುಗಬೇಕು. ಪಂಪು ಬೇಡುವ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುವುದರಿಂದ 5 ಹೆಚ್‌ಪಿ ಬೇಡುತ್ತಿದ್ದದ್ದು 60 ದಾಟಿಸಿ ಕೇಳುತ್ತದೆ. ರೇಸಿನಿಂದ ಬಿಡಿಸಿ ತಂದ ನಾಲ್ಕು ಕುದುರೆ ಸಾಕೇನೋ, ಅದೂ ಕೆಲವು ಕ್ಷಣಕ್ಕೆ. ಅಷ್ಟರಲ್ಲಿ ಬೆಲ್ಟು ಕಳಚಿ ಯಾರ ತೆಂಗಿನ ತೋಟ ಸೇರುವುದೆಂಬ ಬಗ್ಗೆ ಶಾಸ್ತ್ರ ಮೌನವಾಗಿದೆ.

ಕರೆಂಟುವಾದಿಗಳ ಮತವೂ ಉಂಟು: ಕರ್ನಾಟಕದಲ್ಲಿ 10 ಹೆಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಪುಕ್ಕಟೆ. ವಾದ ಪ್ರಬಲವೇ, ತ್ರೀ ಫೇಸ್ ಬರುವ ಹೊತ್ತಿಗೆ ವಾದಿ ಎದ್ದಿರಬೇಕು, ಅಷ್ಟೆ.

ಈ ಲೇಖಕನ ಸಿದ್ಧಾಂತ: ಕಟ್ಟೆಯಲ್ಲಿ ಹೂತ ಬೋಲ್ಟಿಗೆ ಯಾವುದು ಕೂರುತ್ತದೋ, ಯಾವುದರ ಪಿಸ್ಟನ್ ರಿಂಗು ಕುಣಿಗಲ್ ಪೇಟೆಯಲ್ಲೇ ಸಿಗುತ್ತದೋ, ಯಾವುದಕ್ಕೆ ಮೆಕ್ಯಾನಿಕ್ ಬೈದುಕೊಂಡಾದರೂ ಬರುತ್ತಾನೋ, ಅದೇ ಇಂಜಿನ್.

ಇದನ್ನು ಸಭೆಯಲ್ಲಿ ಮಂಡಿಸಿದಾಗ ಮನೆಯ ಅಜ್ಜಿ, "ಬಾವೀಲಿ ನೀರು ಎಷ್ಟು ಕೆಳಗೈತೆ ನೋಡಿದ್ರೇನ್ರಪ್ಪಾ?" ಎಂದರು. ಪ್ರಶ್ನೆ ಶಾಸ್ತ್ರೀಯವೇ: ಕಟ್ಟೆಯ ಮೇಲಿನ ಪಂಪಿಗೆ ನೀರನ್ನು ತಳ್ಳಿಕೊಡುವುದು ಗಾಳಿಯ ಒತ್ತಡ, ಸುಮಾರು 25 ಅಡಿ ದಾಟಿದರೆ ಯಾವ ಹೆಚ್‌ಪಿಗೂ ಅದು ಜಗ್ಗದು. ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟೆವು. ಹಗ್ಗ ಮುಗಿಯಿತು, ನೀರು ಸಿಗಲಿಲ್ಲ. ಎರಡನೆಯ ಸಂಪುಟ, ಬೋರ್‌ವೆಲ್ ಖಂಡ, ಅಚ್ಚಿನಲ್ಲಿದೆ.