ಚೂರುಪಾರು ಮೀಮಾಂಸೆ

ಆಟದ ಕಂಪ್ಯೂಟರಿನೊಳಗೆ ಗೋಡೆ ಬಿದ್ದರೆ ಅದರ ಇಟ್ಟಿಗೆ ಯಾವ ಕಡೆ ಉರುಳಬೇಕೆಂದು ಲೆಕ್ಕ ಹಾಕಲು ಪ್ರತ್ಯೇಕ ಯಂತ್ರ ಬೇಕೋ ಬೇಡವೋ ಎಂಬುದು ಈ ಪ್ರಬಂಧದ ವಿಷಯ. ಗುಂಡು ಹಾರಿಸುವ ಆಟಗಳನ್ನು ಆಡುತ್ತ, ಹೊಗೆ ಸರಿಯಾಗಿ ಸುರುಳಿ ಸುತ್ತಲಿಲ್ಲವೆಂದು ಕೊರಗುವ ಮುಮುಕ್ಷುಗಳು ಇದನ್ನು ಓದಲು ಅಧಿಕಾರಿಗಳು. ಪ್ರಯೋಜನವೇನೆಂದು ಯಾರೂ ಕೇಳತಕ್ಕದ್ದಲ್ಲ. ಕೇಳಿದರೆ ಪ್ರಬಂಧ ಇಲ್ಲಿಗೇ ಮುಗಿದುಹೋಗುತ್ತದೆ.

ಪೂರ್ವಪಕ್ಷ ಭೇದವಾದಿಗಳದು. ಇವರ ಮೂಲಪೀಠ ಅಮೆರಿಕದ ಏಜಿಯಾ ಕಂಪನಿ. 2002ರಲ್ಲಿ ಅವತರಿಸಿದ ಈ ಕಂಪನಿ, ಎರಡು ವರ್ಷದ ನಂತರ ಸ್ವಿಟ್ಜರ್ಲೆಂಡಿನ ನೋವೋಡೆಕ್ಸ್ ಸಂಸ್ಥೆಯನ್ನು ಅದರ ತಂತ್ರಾಂಶದ ಸಮೇತ ಕೊಂಡು, 2006ರಲ್ಲಿ ಫಿಸ್‌ಎಕ್ಸ್ ಎಂಬ ಕಾರ್ಡನ್ನು ಲೋಕಕ್ಕೆ ಕರುಣಿಸಿತು. ಅದರಲ್ಲಿ 12.5 ಕೋಟಿ ಟ್ರಾನ್ಸಿಸ್ಟರುಗಳು, 128 ಎಂಬಿ ಸ್ವಂತ ಮೆಮೊರಿ. ದಕ್ಷಿಣೆ 300 ಡಾಲರಿನ ಆಸುಪಾಸು. ಭೇದವಾದಿಗಳ ವಾದ ಹೀಗೆ: ಚಿತ್ರ ಬಿಡಿಸಲು ಬೇರೆ ಕಾರ್ಡಿದೆ, ಸದ್ದು ಮಾಡಲು ಬೇರೆ ಕಾರ್ಡಿದೆ, ಬೀಳುವುದು, ಉರುಳುವುದು, ಸಿಡಿಯುವುದು ಇವೇನು ಮಲಮಕ್ಕಳೇ?

ಅಭೇದವಾದಿಗಳು ಇದಕ್ಕೆ 8087ರ ದೃಷ್ಟಾಂತ ಕೊಡುತ್ತಾರೆ. 1980ರಲ್ಲಿ ಇಂಟೆಲ್ ಬರೀ ದಶಮಾಂಶದ ಲೆಕ್ಕಕ್ಕೆಂದು ಆ ಹೆಸರಿನ ಪ್ರತ್ಯೇಕ ಚಿಪ್ ಮಾಡಿತ್ತು. 1989ರಲ್ಲಿ ಬಂದ 486 ಪ್ರೊಸೆಸರ್ ಆ ಕೆಲಸವನ್ನು ತನ್ನ ಹೊಟ್ಟೆಯೊಳಗೇ ಹಾಕಿಕೊಂಡಿತು. ಬೇರೆಯಾಗಿ ಹುಟ್ಟಿದ ಚಿಪ್ಪುಗಳೆಲ್ಲ ಕೊನೆಗೆ ಪ್ರೊಸೆಸರಿನಲ್ಲಿ ಐಕ್ಯವಾಗುವಂಥವೇ ಎಂಬುದು ಇವರ ನಂಬಿಕೆ. ಸಾಲದ್ದಕ್ಕೆ 2004ರ ಹಾಫ್-ಲೈಫ್ 2 ಇದೆ. ಅದರಲ್ಲಿ ಗುರುತ್ವದ ಬಂದೂಕು ಹಿಡಿದು, ಬಿದ್ದಿದ್ದ ಗರಗಸದ ಚಕ್ರವನ್ನೆತ್ತಿ ಎದುರಾಳಿಯ ಮೇಲೆ ಎಸೆಯಬಹುದಿತ್ತು. ಐರ್ಲೆಂಡಿನ ಹ್ಯಾವೊಕ್ ಕಂಪನಿಯ ತಂತ್ರಾಂಶ ಆ ಲೆಕ್ಕವನ್ನೆಲ್ಲ ಸಾಧಾರಣ ಪ್ರೊಸೆಸರಿನಲ್ಲೇ ಮಾಡಿ ಮುಗಿಸುತ್ತಿತ್ತು.

ವಾದ ಸಾಕು, ಪ್ರತ್ಯಕ್ಷಕ್ಕೆ ಬರೋಣ. ಕಾರ್ಡಿನ ಮಹಿಮೆ ತೋರಿಸಲು ಮೊದಲಿಗೆ ಬಂದ ಆಟ ಘೋಸ್ಟ್ ರೀಕಾನ್ ಅಡ್ವಾನ್ಸ್ಡ್ ವಾರ್‌ಫೈಟರ್. ಕಾರ್ಡ್ ಹಾಕಿ ಆಡಿದರೆ ಸ್ಫೋಟದಲ್ಲಿ ಚೂರುಗಳು ಹೆಚ್ಚು ಹಾರಿದವು, ನಿಜ. ಆದರೆ ಹಾರಿದ ಚೂರನ್ನೆಲ್ಲ ಚಿತ್ರಿಸುವ ಹೊಣೆ ಪಾಪದ ಗ್ರಾಫಿಕ್ಸ್ ಕಾರ್ಡಿನದು. ಆಟ ಮೊದಲಿಗಿಂತ ನಿಧಾನವಾಯಿತು. ವೇಗಕ್ಕೆಂದು ದುಡ್ಡು ಕೊಟ್ಟು ತಂದದ್ದು ನಿಧಾನವನ್ನು ಕೊಟ್ಟ ಈ ವಿದ್ಯಮಾನವನ್ನು ಶಾಸ್ತ್ರಕಾರರು ವೈರಾಗ್ಯಹೇತು ಎನ್ನಬಹುದು. ಇನ್ನು ಸೆಲ್‌ಫ್ಯಾಕ್ಟರ್ ಎಂಬ ಆಟ, ಕಾರ್ಡಿಲ್ಲದೆ ನಡೆಯಲೇ ಆರದೆಂದು ಡಂಗುರ ಸಾರಿಸಿಕೊಂಡು ಬಂದದ್ದು. ಯಾರೋ ತುಂಟರು ಆರಂಭದ ಆಜ್ಞೆಯಲ್ಲಿ ಫಿಸ್‌ಎಕ್ಸನ್ನು ಬಂದ್ ಮಾಡಿ ನೋಡಿದರು. ಆಟ ನಡೆಯಿತು. ಬಟ್ಟೆ ಮತ್ತು ದ್ರವ ಮಾತ್ರ ನಾಪತ್ತೆ.

ಈಗ ಸಿದ್ಧಾಂತ. ಆಟದ ಲೋಕದ ಕಲ್ಲುಗಳು ಎರಡು ಬಗೆ: ಆಟಕ್ಕೆ ಬೇಕಾದವು, ಬೇಡಾದವು. ನಾಯಕ ಹತ್ತಿ ದಾಟಬೇಕಾದ ಬಂಡೆ ಮೊದಲನೆಯದು. ಅದು ಕಾರ್ಡಿದ್ದವನ ಮನೆಯಲ್ಲೂ ಇಲ್ಲದವನ ಮನೆಯಲ್ಲೂ ಒಂದೇ ಜಾಗದಲ್ಲಿ ಬೀಳಬೇಕು, ಇಲ್ಲವಾದರೆ ಆಟ ಮಾರುವುದು ಯಾರಿಗೆ? ಹಾಗಾಗಿ ಅದರ ಲೆಕ್ಕವನ್ನು ಎಲ್ಲರ ಬಳಿಯೂ ಇರುವ ಪ್ರೊಸೆಸರಿಗೇ ಒಪ್ಪಿಸಬೇಕು. ವಿಶೇಷ ಕಾರ್ಡಿನ ಪಾಲಿಗೆ ಉಳಿಯುವುದು ಎರಡನೆಯ ಬಗೆ ಮಾತ್ರ, ಅಂದರೆ ಇದ್ದರೂ ಆದೀತು ಇಲ್ಲದಿದ್ದರೂ ಆದೀತು ಎಂಬ ಚೂರುಪಾರು. ಆದ್ದರಿಂದ ಅಗತ್ಯ ಯಂತ್ರವು ಅನಗತ್ಯವನ್ನಷ್ಟೇ ಲೆಕ್ಕಿಸಬಲ್ಲದು. ಅಗತ್ಯವಾದದ್ದನ್ನು ಲೆಕ್ಕಿಸಲು ಅದು ಅನಗತ್ಯ. ಇದರಲ್ಲಿ ದೋಷ ಹುಡುಕಲು ನನಗೆ ಸಾಧ್ಯವಾಗಿಲ್ಲ, ಏಜಿಯಾಗೂ ಆಗಲಿಲ್ಲ.

ಆದರೆ ಚರ್ಚೆ ನಿಂತದ್ದು ತರ್ಕದಿಂದಲ್ಲ. 2007ರಲ್ಲಿ ಇಂಟೆಲ್ ಹ್ಯಾವೊಕನ್ನು ಕೊಂಡಿತು; 2008ರಲ್ಲಿ ಎನ್‌ವಿಡಿಯಾ ಏಜಿಯಾವನ್ನು ಕೊಂಡು, ಆ ಲೆಕ್ಕವನ್ನು ತನ್ನ ಗ್ರಾಫಿಕ್ಸ್ ಕಾರ್ಡುಗಳಿಗೇ ಕಲಿಸಿಬಿಟ್ಟಿತು. ವಾದಿ ಸೋಲುವ ಬಗೆಗಳೆಂದು ನ್ಯಾಯಶಾಸ್ತ್ರದ ಗೌತಮ 22 ನಿಗ್ರಹಸ್ಥಾನಗಳನ್ನು ಹೇಳಿದ್ದಾನೆ. ವಾದಿಯನ್ನೇ ಖರೀದಿಸುವುದು 23ನೆಯದು.

ಹೀಗೆ ಹುಟ್ಟಿದ ಮೂರನೆಯ ಪಂಥದ ಪ್ರಮಾಣಗ್ರಂಥ 2009ರ ಬ್ಯಾಟ್‌ಮ್ಯಾನ್: ಅರ್ಕಮ್ ಅಸೈಲಮ್. ಎನ್‌ವಿಡಿಯಾ ಕಾರ್ಡಿದ್ದವನು ಆ ಹುಚ್ಚಾಸ್ಪತ್ರೆಯ ಕಚೇರಿಗೆ ಕಾಲಿಟ್ಟರೆ ನೆಲದ ಮೇಲಿನ ಕಾಗದಗಳು ಕಾಲ ಗಾಳಿಗೆ ಎದ್ದು ತೇಲಿ ಬೀಳುತ್ತವೆ. ಇಲ್ಲದವನಿಗೆ ಕಾಗದಗಳೇ ಇಲ್ಲ. ಹುಚ್ಚರು ಮನೆ ಹೊಕ್ಕು ದಾಂಧಲೆ ಮಾಡಿದ ಮೇಲೂ ಯಾರೋ ಬಂದು ಗುಡಿಸಿ ಹೋದಷ್ಟು ಚೊಕ್ಕ. ದುಡ್ಡು ಕೊಟ್ಟು ಕಸ ತರಿಸಿಕೊಳ್ಳುವ ಈ ವ್ಯವಸ್ಥೆಗೆ ನಮ್ಮ ಯಾವ ನಗರಪಾಲಿಕೆಯೂ ಇನ್ನೂ ಏರಿಲ್ಲ. ಹೊಗೆ ಇದ್ದಲ್ಲಿ ಬೆಂಕಿ ಎಂಬ ತಾರ್ಕಿಕರ ಹಳೆಯ ವ್ಯಾಪ್ತಿಯೂ ಇಲ್ಲಿ ಕುಸಿಯಿತು: ಸುರುಳಿಸುತ್ತುವ ಹೊಗೆ ಇದ್ದಲ್ಲಿ ಎನ್‌ವಿಡಿಯಾ ಇದೆ ಎಂದಷ್ಟೇ ಸಿದ್ಧ. ಬೆಂಕಿಯಿದ್ದೂ ಹೊಗೆಯಿಲ್ಲದ್ದಕ್ಕೆ ಇಷ್ಟು ದಿನ ಕಾದ ಕಬ್ಬಿಣದ ಗುಂಡೊಂದೇ ಉದಾಹರಣೆಯಾಗಿತ್ತು. ಈಗ ಎದುರಾಳಿ ಕಂಪನಿಯ ರೇಡಿಯಾನ್ ಕಾರ್ಡೂ ಸೇರಿತು. ರೇಡಿಯಾನ್ ಮುಖ್ಯವಾಗಿ ಕೂತಿದ್ದರೆ, ಪಕ್ಕದಲ್ಲಿ ಎನ್‌ವಿಡಿಯಾ ಕಾರ್ಡಿದ್ದರೂ ಅದರ ಡ್ರೈವರ್ ಭೌತದ ಲೆಕ್ಕಕ್ಕೆ ಏಳುತ್ತಿರಲಿಲ್ಲ. ಇದನ್ನು ಪಂಕ್ತಿಭೇದವೆನ್ನದೆ ವಿಧಿಯಿಲ್ಲ.

ಪ್ರೊಸೆಸರಿನಲ್ಲಿ ಓಡಿಸಿದರೆ ಫಿಸ್‌ಎಕ್ಸ್ ಯಾಕೆ ಅಷ್ಟು ತೆವಳುತ್ತದೆಂದು 2010ರಲ್ಲಿ ಬಗೆದು ನೋಡಿದವರಿಗೆ ಕಂಡದ್ದು ಸ್ವಾರಸ್ಯವಾಗಿತ್ತು. ಅದು ಬಳಸುತ್ತಿದ್ದುದು ಎಕ್ಸ್‌87 ಆದೇಶಗಳನ್ನು, ಅಂದರೆ ಅಭೇದವಾದಿಗಳು ಸತ್ತಿತೆಂದು ತೋರಿಸುತ್ತಿದ್ದ ಅದೇ 8087ರ ಮಾತನ್ನು.

2025ರಲ್ಲಿ ಎನ್‌ವಿಡಿಯಾ ತನ್ನ 50 ಸರಣಿಯ ಕಾರ್ಡುಗಳಲ್ಲಿ 32 ಬಿಟ್‌ನ ಲೆಕ್ಕ ಕೈಬಿಟ್ಟಾಗ ಹಳೆಯ ಆಟಗಳ ಭೌತವೆಲ್ಲ ಮತ್ತೆ ಪ್ರೊಸೆಸರಿನ ಹೆಗಲಿಗೆ ಬಿತ್ತು. ಹೊಚ್ಚಹೊಸ ಕಾರ್ಡಿನವರು ಮಿರರ್ಸ್ ಎಡ್ಜ್‌ನಲ್ಲಿ ಒಂದು ಗಾಜು ಒಡೆದರೆ ಸಾಕು, ಆಟ ಮುಗ್ಗರಿಸತೊಡಗಿತು. ಕೆಲವರು ಅಟ್ಟದಿಂದ ಹಳೆಯ ಕಾರ್ಡ್ ಇಳಿಸಿ, ಧೂಳು ಕೊಡವಿ, ಬರೀ ಭೌತಕ್ಕೆಂದೇ ಹೊಸದರ ಪಕ್ಕದಲ್ಲಿ ಕೂರಿಸಿದರು. ಭೇದವಾದಕ್ಕೆ ಹೀಗೆ ಪುನರ್ಜನ್ಮವಾಯಿತು. ವರ್ಷದ ಕೊನೆಗೆ ಕಂಪನಿ ಆಯ್ದ ಕೆಲವು ಆಟಗಳಿಗೆ ಆ ಸೌಲಭ್ಯವನ್ನು ಡ್ರೈವರಿನಲ್ಲಿ ಮರಳಿಸಿತಾದರೂ, ಪಟ್ಟಿಗೆ ಸೇರದ ಆಟಗಳನ್ನು ಆಡುವವರು ಎರಡನೆಯ ಕಾರ್ಡನ್ನು ಸದ್ಯಕ್ಕೆ ಕೀಳಬಾರದೆಂದು ನಿರ್ಣಯ. ಗಾಜು ಒಡೆಯದೆ ಆಡಬಲ್ಲವರಿಗೆ ಈ ನಿರ್ಣಯ ಅನ್ವಯಿಸದು.