ಚಕ್ರಭ್ರಮಣ ಮೀಮಾಂಸೆ

ಗೃಹಸ್ಥನು ರಾತ್ರಿಯ ಊಟವನ್ನು ಮುಗಿಸಿ, ಎಲೆಯಡಿಕೆ ಮೆಲ್ಲುತ್ತ, ಅಂತರ್ಜಾಲದಿಂದ ಚಿತ್ರವನ್ನು ತರಿಸಿಕೊಳ್ಳುವ ದೂರದರ್ಶನದ ಸಮ್ಮುಖದಲ್ಲಿ ಸಕುಟುಂಬನಾಗಿ ಕುಳಿತಿರಲಾಗಿ, ಧಾರಾವಾಹಿಯ ಸೊಸೆಯು ಅತ್ತೆಗೆ ಎದುರುತ್ತರ ಕೊಡಲೆಂದು ಬಾಯಿ ತೆರೆದ ಕ್ಷಣಕ್ಕೆ ಸರಿಯಾಗಿ ಚಿತ್ರವು ನಿಶ್ಚಲಗೊಂಡು, ತೆರೆಯ ನಟ್ಟನಡುವೆ ಶ್ವೇತವರ್ಣದ ಚಕ್ರವೊಂದು ಪ್ರಾದುರ್ಭವಿಸಿ ಎಡೆಬಿಡದೆ ತಿರುಗತೊಡಗುವ ವ್ಯಾಧಿಯೇ ಈ ಪ್ರಬಂಧದ ವಿಷಯವು.

ಮೀಮಾಂಸಾಶಾಸ್ತ್ರವು ಒಂದೊಂದು ಅಧಿಕರಣಕ್ಕೂ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ ಎಂಬ ಐದು ಅಂಗಗಳನ್ನು ವಿಧಿಸಿದೆ. ಪ್ರಕೃತದಲ್ಲಿ ವಿಷಯವು ಮನೆಮನೆಯಲ್ಲಿಯೂ ಪ್ರತ್ಯಕ್ಷವಾಗಿದೆ. ಪೂರ್ವಪಕ್ಷಗಳು ಕುಟುಂಬದ ಸದಸ್ಯರಷ್ಟೇ ಇವೆ. ಸಿದ್ಧಾಂತವನ್ನು ನೆರೆಮನೆಯವರು ಕೇಳದಿದ್ದರೂ ಬಂದು ಹೇಳುತ್ತಾರೆ. ಸಂಶಯವೆಂಬ ಅಂಗವೊಂದು ಮಾತ್ರ ಯಾರಲ್ಲಿಯೂ ಕಂಡುಬರುವುದಿಲ್ಲ. ಕೃಷ್ಣಾ ತುಂಗಭದ್ರೆಯರ ನಡುವಣ ಈ ದೋಆಬಿನಲ್ಲಿ ಅದು ಆಶ್ಚರ್ಯವೂ ಅಲ್ಲ. 1520ರಲ್ಲಿ ಕೃಷ್ಣದೇವರಾಯನೂ ಬಿಜಾಪುರದ ಇಸ್ಮಾಯಿಲ್ ಆದಿಲ್‌ಶಾಹನೂ ಈ ನೆಲಕ್ಕಾಗಿ ಹೋರಾಡಿದಾಗ ಅದು ಯಾರದೆಂಬ ವಿಷಯದಲ್ಲಿ ಇಬ್ಬರಿಗೂ ಲೇಶಮಾತ್ರ ಸಂದೇಹವಿರಲಿಲ್ಲ.

ಈ ವ್ಯಾಧಿಯು ನಮ್ಮ ಸೀಮೆಗೆ ಹೊಸತೆಂದು ತಿಳಿಯುವವರು ಇತಿಹಾಸಜ್ಞರಲ್ಲ. ಬೆಂಗಳೂರಿನ ನಾಗರಿಕರು ತಮ್ಮೂರಿನ ದೂರದರ್ಶನ ಕೇಂದ್ರವನ್ನು ಕಾಣುವುದಕ್ಕೆ 1981ರ ವರೆಗೆ ಕಾದಿರಬೇಕಾಯಿತಷ್ಟೆ. ಆದರೆ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಆಯ್ದ ಹಳ್ಳಿಗಳವರು 1975ರ ಆಗಸ್ಟ್ 1ರಿಂದಲೇ, ಅಮೆರಿಕೆಯ ಎ.ಟಿ.ಎಸ್.-6 ಎಂಬ ಉಪಗ್ರಹವು ಆಕಾಶದಿಂದ ಇಳಿಯಬಿಟ್ಟ ಚಿತ್ರವನ್ನು, ತಂತಿಬಲೆಯಿಂದ ಹೆಣೆದ 3 ಮೀಟರು ಅಗಲದ ಆಂಟೆನಾದಲ್ಲಿ ಹಿಡಿದು ನೋಡಿದ್ದರು. ಸೈಟ್ ಎಂದು ಪ್ರಸಿದ್ಧವಾದ ಆ ಪ್ರಯೋಗವು ಆರು ರಾಜ್ಯಗಳ 20 ಜಿಲ್ಲೆಗಳಲ್ಲಿ ಸುಮಾರು 2400 ಹಳ್ಳಿಗಳನ್ನು ವ್ಯಾಪಿಸಿತ್ತು. ಬೆಳಿಗ್ಗೆ ಶಾಲೆಯ ಮಕ್ಕಳಿಗೂ ಸಂಜೆ ದೊಡ್ಡವರಿಗೂ ಕಾರ್ಯಕ್ರಮಗಳಿದ್ದವು. ಉಪಗ್ರಹವು ಒಂದು ವರ್ಷದ ಮಟ್ಟಿಗೆ ಮಾತ್ರ ದೊರೆತಿದ್ದುದರಿಂದ 1976ರ ಜುಲೈ 31ರಂದು ಪ್ರಸಾರವು ನಿಂತಿತು. ವಾಯಿದೆ ತೀರಿದ ಕಾರಣದಿಂದ ಚಿತ್ರವು ನಿಂತುಹೋದುದಕ್ಕೆ ನಮ್ಮ ರಾಯಚೂರು ಜಿಲ್ಲೆಯಲ್ಲಿ ಇದೇ ಪ್ರಥಮ ದೃಷ್ಟಾಂತವೆಂದು ನಾವು ಊಹಿಸುತ್ತೇವೆ. ಆ ಸಂಜೆ ಯಾರಾದರೂ ಪೆಟ್ಟಿಗೆಯ ನೆತ್ತಿಯ ಮೇಲೆ ಎರಡೇಟು ಕೊಟ್ಟು ನೋಡಿದರೋ ಇಲ್ಲವೋ ಎಂಬುದು ಮುಂದಿನ ಸಂಶೋಧಕರಿಗೆ ಬಿಟ್ಟ ವಿಷಯ.

ಇತಿಹಾಸದ ಪ್ರಸ್ತಾಪ ಬಂದುದರಿಂದ ಇಲ್ಲಿಯೇ ಒಂದು ವಿಚಿತ್ರ ಲಕ್ಷಣವನ್ನು ಹೇಳಿಬಿಡುವುದು ಉಚಿತ. ದೀರ್ಘಕಾಲ ವಿದ್ಯುತ್ತಿಲ್ಲದೆ ಮಲಗಿದ್ದ ಕೆಲವು ಪೆಟ್ಟಿಗೆಗಳು ಎಚ್ಚತ್ತೊಡನೆ ತಾವಿರುವುದು 1970ರ ಜನವರಿ 1ರಲ್ಲೆಂದು ಭ್ರಮಿಸುತ್ತವೆ. ಏಕೆಂದರೆ ಗಣಕಲೋಕದ ಕಾಲಗಣನೆಗೆ ಆ ದಿನವೇ ಯುಗಾದಿ. ಚಿತ್ರವನ್ನು ಕಳಿಸುವ ಕಡೆಯವರು ತಮ್ಮ ಗುರುತಿನ ಪತ್ರವನ್ನು ತೋರಿಸಿದರೆ, ಅದು ಇನ್ನೂ ಐವತ್ತು ವರ್ಷಗಳಾಚೆ ಜಾರಿಗೆ ಬರತಕ್ಕದ್ದೆಂದು ಎಣಿಸಿ, ಪೆಟ್ಟಿಗೆಯು ಅವರನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸುತ್ತದೆ. ಆ ದಿನಾಂಕದಂದು ನಮ್ಮ ಹಳ್ಳಿಗಳಲ್ಲಿ ದೂರದರ್ಶನವೇ ಇರಲಿಲ್ಲವಾದಕಾರಣ, ಶುದ್ಧ ಇತಿಹಾಸದೃಷ್ಟಿಯಿಂದ ನೋಡಿದರೆ ಪೆಟ್ಟಿಗೆಯ ನಡತೆಯು ನಿರ್ದುಷ್ಟವಾದುದೇ. ಆದರೂ ಸೆಟ್ಟಿಂಗ್ಸಿನೊಳಗೆ ಹೊಕ್ಕು ದಿನಾಂಕವನ್ನು ತಿದ್ದಿದರೆ ಅದು ತನ್ನ ಹಟವನ್ನು ಬಿಡುತ್ತದೆ.

ಇನ್ನು ಮತಭೇದಗಳು. ಚಕ್ರದ ಕಾರಣವನ್ನು ಕುರಿತು ಈ ಪ್ರಾಂತದಲ್ಲಿ ಮೂರು ಪ್ರಸ್ಥಾನಗಳು ಪ್ರಚಲಿತವಾಗಿವೆ.

ರಾಯಚೂರು ಪಟ್ಟಣದ ಪ್ರಸ್ಥಾನದವರು ಭಿತ್ತಿವಾದಿಗಳು. ಕೋಟೆಯ ಗೋಡೆಯಲ್ಲಿ ಸುಮಾರು 40 ಅಡಿ ಉದ್ದದ ಅಖಂಡ ಶಿಲೆಯ ಮೇಲೆ 1294ರ ಶಾಸನವನ್ನೂ, ಆ ಶಿಲೆಯನ್ನು ಬಂಡಿಯಲ್ಲಿ ಎಳೆದು ತಂದ ಬಗೆಯ ಚಿತ್ರವನ್ನೂ ಕಂಡರಿಸಿರುವ ಊರಿನಲ್ಲಿ, ಸಕಲ ಅನಿಷ್ಟಗಳಿಗೂ ಗೋಡೆಯೇ ಮೂಲವೆಂದು ತೋರುವುದು ಸಹಜವಲ್ಲವೇ? ಇವರ ವಾದವು ಇಂತಿದೆ: ವೈಫೈ ಅಲೆಗಳು ದ್ವಿವಿಧ; 5 ಗಿಗಾಹರ್ಟ್ಸಿನದು ಶೀಘ್ರಗಾಮಿಯಾದರೂ ಸುಕುಮಾರ, ಕಲ್ಲುಗೋಡೆಯನ್ನು ಕಂಡರೆ ಕಂಗೆಡುತ್ತದೆ; 2.4 ಗಿಗಾಹರ್ಟ್ಸಿನದು ಗೋಡೆಯನ್ನು ದಾಟಬಲ್ಲುದಾದರೂ ಮಂದಗಾಮಿ, ಮೇಲಾಗಿ ನೆರೆಮನೆಗಳ ವೈಫೈ ಡಬ್ಬಿಗಳೂ ಅಡಿಗೆಮನೆಯ ಮೈಕ್ರೋವೇವ್ ಒಲೆಯೂ ಅದೇ ದಾರಿಯಲ್ಲಿ ನೂಕುನುಗ್ಗಲು ಮಾಡುತ್ತವೆ. ಕೇಬಲ್ ಹುಡುಗನು ಮೊಳೆ ಸಿಕ್ಕಿದಲ್ಲಿ, ಎಂದರೆ ತಲೆಬಾಗಿಲ ಪಕ್ಕದಲ್ಲಿ, ಡಬ್ಬಿಯನ್ನು ತೂಗುಹಾಕಿ ಹೋಗಿರುತ್ತಾನೆ, ದೂರದರ್ಶನವು ಒಳಮನೆಯಲ್ಲಿರುತ್ತದೆ, ಮಧ್ಯದಲ್ಲಿ ಅಜ್ಜನ ಕಾಲದ ಗೋಡೆಯೂ, ಮದುವೆಯಲ್ಲಿ ಬಂದ ಉಕ್ಕಿನ ಅಲ್ಮಾರಿಯೂ ನಿಂತಿರುತ್ತವೆ. ಅಲ್ಮಾರಿಯು ಗೋಡೆಗಿಂತಲೂ ಪ್ರಬಲವಾದ ಪ್ರತಿಬಂಧಕವು, ಲೋಹವಾದುದರಿಂದ. ಆದರೆ ಬೀಗರು ಕೊಟ್ಟ ಅಲ್ಮಾರಿಯ ಮೇಲೆ ದೋಷವನ್ನು ಹೊರಿಸಿ ನೆಮ್ಮದಿಯಿಂದ ಬಾಳಿದ ಗೃಹಸ್ಥನನ್ನು ನಾವು ಕಂಡಿಲ್ಲ. ಡಬ್ಬಿಗೆ ಧೂಳು ಕೂರಬಾರದೆಂದು ಕ್ರೋಶದ ವಸ್ತ್ರವನ್ನು ಹೊದಿಸುವ ಸಂಪ್ರದಾಯವನ್ನಂತೂ ಈ ಪ್ರಸ್ಥಾನದವರು ಚರ್ಚೆಗೇ ತರುವುದಿಲ್ಲ. ಚೈತ್ರ ವೈಶಾಖಗಳಲ್ಲಿ ಉಷ್ಣಮಾನವು 40 ಡಿಗ್ರಿಯನ್ನು ದಾಟುವ ಊರಿನಲ್ಲಿ ಹೊದ್ದುಕೊಂಡು ದುಡಿಯೆಂದು ಯಂತ್ರಕ್ಕೆ ಹೇಳುವವರೇ, ಸಂಜೆ ಅದು ಬಸವಳಿದು ನಿಂತಾಗ ಕಂಪನಿಯನ್ನು ಬೈಯುತ್ತಾರೆ.

ದೇವದುರ್ಗದ ವಿದ್ಯುದ್ವಾದಿಗಳು ಗೋಡೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಜಿಲ್ಲೆಯ ಶಕ್ತಿನಗರದಲ್ಲಿ, ಕೃಷ್ಣೆಯ ದಡದಲ್ಲಿ, 1985ರಿಂದ ಕಲ್ಲಿದ್ದಲು ಉರಿಯುತ್ತಿದೆ. ಅಲ್ಲಿನ ಎಂಟು ಘಟಕಗಳ ಸಾಮರ್ಥ್ಯ 1720 ಮೆಗಾವ್ಯಾಟ್. ನಾಡಿಗೆ ಬೆಳಕು ಕೊಡುವ ಜಿಲ್ಲೆಯಲ್ಲಿಯೇ “ಕರೆಂಟ್ ಹೋಗ್ಯಾದ” ಎಂಬ ವಾಕ್ಯವು ನಿತ್ಯಪಾರಾಯಣಕ್ಕೆ ಸಂದಿರುವುದು ಇವರ ದರ್ಶನದ ಮೂಲಾಧಾರವು. ಇವರು ಎತ್ತಿಹಿಡಿದ ಸೂಕ್ಷ್ಮವೊಂದು ನಿಜವಾಗಿಯೂ ಮನನೀಯವಾದುದು. ಕರೆಂಟು ಹೋದೊಡನೆ ಇನ್ವರ್ಟರಿನ ಬಲದಿಂದ ದೂರದರ್ಶನವೂ ಫ್ಯಾನೂ ಬದುಕಿ ಉಳಿಯುತ್ತವೆ. ಡಬ್ಬಿಯ ತಂತಿಯು ಮಾತ್ರ ಇನ್ವರ್ಟರಿಗೆ ಸೇರದ ಸಾಕೆಟ್ಟಿನಲ್ಲಿದ್ದು ನಿಃಶಬ್ದವಾಗಿ ಪ್ರಾಣ ಬಿಟ್ಟಿರುತ್ತದೆ. ದೀಪ ಉರಿಯುತ್ತಿರುವುದರಿಂದ ಕರೆಂಟು ಹೋದುದೇ ಮನೆಯವರಿಗೆ ತಿಳಿಯದೆ, ಚಕ್ರವನ್ನು ನೋಡುತ್ತ, ರಿಮೋಟಿನ ಸೆಲ್ಲನ್ನು ಉರುಳಿಸುತ್ತ, ಪರಸ್ಪರ ಆರೋಪಗಳಲ್ಲಿ ತೊಡಗುತ್ತಾರೆ. ಕರೆಂಟು ಮರಳಿದ ಮೇಲೆಯೂ ಡಬ್ಬಿಯು ಎದ್ದು, ಮುಖ ತೊಳೆದು, ಕೇಂದ್ರದೊಡನೆ ಸಂಪರ್ಕವನ್ನು ಕುದುರಿಸಿಕೊಳ್ಳಲು ಕೆಲವು ನಿಮಿಷಗಳು ಬೇಕು. ಆ ಕೆಲವು ನಿಮಿಷಗಳಲ್ಲಿಯೇ ಮನೆಯ ಹುಡುಗನು ಎಲ್ಲ ತಂತಿಗಳನ್ನೂ ಕಿತ್ತು ಅದಲುಬದಲಾಗಿ ಸಿಕ್ಕಿಸಿಬಿಟ್ಟಿರುತ್ತಾನೆ.

ಮಾನ್ವಿಯ ಪ್ರಸ್ಥಾನವು ಮೂರರಲ್ಲಿ ಗಹನವಾದುದು. ನಮ್ಮ ಒಲವೂ ತುಸು ಅತ್ತಲೇ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿ ಬೆಳೆದು ಬಾಳಿದ ಇವರಿಗೆ ಹರಿವಿನ ತತ್ತ್ವವನ್ನು ಬೇರೆಯವರು ಬೋಧಿಸಬೇಕಾಗಿಲ್ಲ. ಮೇಲ್ಭಾಗದವರು ತೂಬು ಎತ್ತಿಕೊಂಡರೆ ಕೆಳಭಾಗದಲ್ಲಿ ಗೇಜು ಇಳಿಯುತ್ತದೆ. ಅಂತೆಯೇ ಓಣಿಯವರೆಲ್ಲರೂ ರಾತ್ರಿ ಒಂಬತ್ತಕ್ಕೆ ಕೂಡಿ ಚಿತ್ರವನ್ನು ಸೆಳೆದರೆ ಕೊನೆಯ ಮನೆಗೆ ಚಕ್ರವೇ ಪ್ರಾಪ್ತಿ. ಬೆಳಗಿನ ಜಾವ ನಾಲ್ಕಕ್ಕೆದ್ದು ನೋಡುವವನಿಗೆ ಚಿತ್ರವು ಎಂದೂ ನಿಲ್ಲದಿರುವುದೇ ಇದಕ್ಕೆ ಪ್ರಮಾಣ; ನಾಲ್ಕಕ್ಕೆದ್ದು ಹೊಲಕ್ಕೆ ನೀರು ತಿರುಗಿಸಿದವರು ಇದನ್ನು ಸುಲಭವಾಗಿ ಗ್ರಹಿಸುತ್ತಾರೆ. ಹರಿಕಥಾಮೃತಸಾರದ ಕರ್ತೃ ಜಗನ್ನಾಥದಾಸರು ನೆಲೆಸಿದ್ದ ಊರಿನವರಾದುದರಿಂದ ತಾರತಮ್ಯಜ್ಞಾನವೂ ಇವರಿಗೆ ಕರಗತ. 144, 240, 360, 480, 720, 1080 ಎಂದು ಏರುವ ಚಿತ್ರಶುದ್ಧಿಯ ಮೆಟ್ಟಿಲುಗಳಲ್ಲಿ ತನ್ನ ಯೋಗ್ಯತೆಗೆ ತಕ್ಕುದನ್ನು ಅರಿತು ನಿಂತವನಿಗೆ ಚಕ್ರಭಯವಿಲ್ಲ. 1080ರ ಚಿತ್ರಕ್ಕೆ ಸೆಕೆಂಡಿಗೆ ಸುಮಾರು 5 ಮೆಗಾಬಿಟ್ ಹರಿವು ಬೇಕು, 4ಕೆ ಎಂಬುದಕ್ಕೆ 15ಕ್ಕೂ ಮಿಗಿಲು. ಹರಿವು ತಗ್ಗಿದಾಗ ಚಿತ್ರವು ತಾನಾಗಿ ಕೆಳಮೆಟ್ಟಿಲಿಗಿಳಿದು ನಾಯಕಿಯ ಮುಖವು ಮಸುಕಾಗುವುದನ್ನು ಅವರು ಪತನವೆಂದು ಬಗೆಯದೆ ವಿನಯವೆಂದು ಬಗೆಯುತ್ತಾರೆ.

ಪ್ರಮಾಣವಿಚಾರದಲ್ಲಿಯೂ ಒಂದು ತೊಡಕುಂಟು. ಅಂತರ್ಜಾಲದ ಚಿತ್ರವು ಕೆಲವು ಸೆಕೆಂಡುಗಳ ತುಂಡುತುಂಡಾಗಿ ಕತ್ತರಿಸಲ್ಪಟ್ಟು, ಮುಂಗಡವಾಗಿ ಒಂದೆರಡು ತುಂಡುಗಳು ಶೇಖರವಾದ ಬಳಿಕವೇ ತೆರೆಗೆ ಬರುತ್ತದಾದುದರಿಂದ, ನೇರಪ್ರಸಾರವೆಂಬುದೂ ಛತ್ರಿಯ ಆಂಟೆನಾದವರಿಗಿಂತ ಹಿಂದೆ ಬಿದ್ದಿರುತ್ತದೆ. 2023ರ ನವೆಂಬರ್ 19ರಂದು ಅಹಮದಾಬಾದಿನಲ್ಲಿ ನಡೆದ ಕ್ರಿಕೆಟ್ ವಿಶ್ವಕಪ್ಪಿನ ಅಂತಿಮ ಪಂದ್ಯವನ್ನು ಒಂದೇ ಆ್ಯಪಿನಲ್ಲಿ ಏಕಕಾಲಕ್ಕೆ 5.9 ಕೋಟಿ ಪ್ರೇಕ್ಷಕರು ನೋಡಿದರು, ಛತ್ರಿಯುಳ್ಳ ನೆರೆಮನೆಯು ಪಕ್ಕದಲ್ಲಿದ್ದವರಿಗೆ ಆ ದಿನದ ದುಃಖವು ಎರಡೆರಡು ಸಲ ಒದಗಿತು, ಮೊದಲು ಗೋಡೆಯಾಚೆಯ “ಯಪ್ಪಾ!” ಎಂಬ ಕೂಗಾಗಿ, ಆಮೇಲೆ ಚಿತ್ರವಾಗಿ. ಪ್ರತ್ಯಕ್ಷಕ್ಕಿಂತ ಶಬ್ದವು ಮೊದಲು ಬರುವ ಈ ಪ್ರಸಂಗವನ್ನು ನೈಯಾಯಿಕರು ಎಲ್ಲಿ ಇರಿಸುವರೋ ಕಾಣೆವು. ಇದು ರೋಗವಲ್ಲ, ಸ್ವಭಾವ, ಚಿಕಿತ್ಸೆಯಿಲ್ಲ.

ಮೂರು ಪ್ರಸ್ಥಾನಗಳನ್ನೂ ತೂಗಿ ನೋಡಲಾಗಿ, ಒಬ್ಬೊಬ್ಬರೂ ತಮ್ಮ ತಾಲ್ಲೂಕಿನ ಮಟ್ಟಿಗೆ ಸತ್ಯವನ್ನೇ ನುಡಿದಿದ್ದಾರೆ. ಮನೆಯೊಳಕ್ಕೆ ಎದ್ದುಹೋಗಿ ನೋಡಿದವರು ಮಾತ್ರ ಒಬ್ಬರೂ ಇಲ್ಲ. ನೋಡಬೇಕಾದುದು ಬಹಳವೇನಲ್ಲ. ಅನ್ವಯವ್ಯತಿರೇಕವೆಂಬ ಹಳೆಯ ನ್ಯಾಯವು ಇಲ್ಲಿ ಸಾಕು: ಕೈಯಲ್ಲಿರುವ ಫೋನನ್ನು ಅದೇ ವೈಫೈಗೆ ಹೊಂದಿಸಿ, ಅದೇ ಕೋಣೆಯಲ್ಲಿ ಅದೇ ಚಿತ್ರವನ್ನು ಹಾಕತಕ್ಕದ್ದು. ಫೋನಿನಲ್ಲಿ ಓಡಿದರೆ ಅಪರಾಧಿಯು ದೂರದರ್ಶನದ ಪೆಟ್ಟಿಗೆ. ಅದರ ಹೊಟ್ಟೆಯಲ್ಲಿ ಜಾಗವಿಲ್ಲದಿರಬಹುದು, ಆ್ಯಪು ಹಳತಾಗಿರಬಹುದು. ಫೋನೂ ನಿಂತರೆ ಅದನ್ನು ಡಬ್ಬಿಯ ಬುಡಕ್ಕೆ ಒಯ್ಯಬೇಕು. ಅಲ್ಲಿ ಓಡಿದರೆ ಭಿತ್ತಿವಾದಕ್ಕೆ ಜಯ. ಅಲ್ಲಿಯೂ ಓಡದಿದ್ದರೆ ಡಬ್ಬಿಯ ದೀಪಗಳನ್ನು ನೋಡಬೇಕು, ಎಲ್.ಒ.ಎಸ್. ಎಂಬಲ್ಲಿ ಕೆಂಪು ಬೆಳಗುತ್ತಿದ್ದರೆ ಗಾಜಿನ ಎಳೆಯು ಹಾದಿಯಲ್ಲೆಲ್ಲೋ ಜೆಸಿಬಿಯ ಹಲ್ಲಿಗೋ ಕೋತಿಯ ಕೈಗೋ ಸಿಕ್ಕಿತೆಂದು ಅರ್ಥ, ಮನೆಯಲ್ಲಿ ಮಾಡುವಂಥದೇನೂ ಉಳಿದಿಲ್ಲ. ಇಷ್ಟನ್ನೇ ಕೇಬಲ್ ಹುಡುಗನು ಸೂತ್ರಪ್ರಾಯವಾಗಿ ಕೇಳುತ್ತಾನೆ: “ಡಬ್ಬಿಯಾಗ ಕೆಂಪ್ ಲೈಟ್ ಹತ್ಯಾದೇನ್ರಿ?” ಹತ್ತಿದ್ದರೆ “ನಾಳಿ ಬರ್ತೀನ್ರಿ”, ಹತ್ತದಿದ್ದರೆ “ಒಮ್ಮಿ ಬಂದ್ ಮಾಡಿ ಚಾಲೂ ಮಾಡ್ರಿ.”

ಈ ಎರಡನೆಯ ವಿಧಿಯು ಸರ್ವಸಮ್ಮತವಾದ ಪ್ರಾಯಶ್ಚಿತ್ತವು. ಅದನ್ನು ಆಚರಿಸುವವರಲ್ಲಿ ಬಹುಮಂದಿ ಅಂಗಲೋಪ ಮಾಡುತ್ತಾರೆ. ರಿಮೋಟಿನಿಂದ ಆರಿಸಿದರೆ ಪೆಟ್ಟಿಗೆಯು ಸುಷುಪ್ತಿಗೆ ಹೋಗುತ್ತದೆಯೇ ಹೊರತು ಪೂರ್ವಸಂಸ್ಕಾರಗಳು ನಾಶವಾಗುವುದಿಲ್ಲ. ಎದ್ದಾಗ ಹಳೆಯ ಗೊಂದಲವನ್ನೇ ಹೊತ್ತು ಏಳುತ್ತದೆ. ಆದುದರಿಂದ ಪ್ಲಗ್ಗನ್ನೇ ಕೀಳಬೇಕು. ಕಿತ್ತ ಮೇಲೆ ಅರ್ಧ ನಿಮಿಷವಾದರೂ ತಡೆಯಬೇಕು. ಒಳಗಿನ ಕೆಪ್ಯಾಸಿಟರುಗಳಲ್ಲಿ ಉಳಿದ ವಿದ್ಯುಚ್ಛೇಷವು ಅಷ್ಟರಲ್ಲಿ ಬರಿದಾಗುತ್ತದೆ. ಮೊದಲು ಡಬ್ಬಿಯನ್ನು ಎಬ್ಬಿಸಿ, ಅದರ ಹಸಿರು ದೀಪಗಳು ಮಿಣುಕುವುದನ್ನು ಬಿಟ್ಟು ಸ್ಥಿರವಾದ ತರುವಾಯವೇ ದೂರದರ್ಶನಕ್ಕೆ ಕೈಯಿಡಬೇಕು.

ಒಂದು ವಿಶೇಷ ಪ್ರಕರಣ ಉಳಿದಿದೆ. ಕರೆಂಟು ಇದೆ, ಡಬ್ಬಿ ಹಸಿರಾಗಿದೆ, ಫೋನಿನಲ್ಲಿ ಹಾಡು ಓಡುತ್ತಿದೆ. ಆದರೂ ಚಿತ್ರದ ಆ್ಯಪು ಮಾತ್ರ, ತಮ್ಮ ಖಾತೆಯಿಂದ ಮಿತಿಗೆ ಮೀರಿದ ಸಾಧನಗಳಲ್ಲಿ ವೀಕ್ಷಣೆ ನಡೆದಿದೆಯೆಂದು ಸವಿನಯವಾಗಿ ತಿಳಿಸುತ್ತದೆ. ವಿಚಾರಿಸಲಾಗಿ, ಚಂದಾ ತೆತ್ತವರು ರಾಯಚೂರಿನ ಮಾವನವರು. ಪಾಸ್‌ವರ್ಡು ಕಳೆದ ದೀಪಾವಳಿಗೆ ಮಾನ್ವಿಯ ಹಿರಿಯ ಅಳಿಯಂದಿರಿಗೆ ಸಂದಿತ್ತು. ಅವರಿಂದ ದೇವದುರ್ಗದಲ್ಲಿರುವ ಅವರ ತಮ್ಮನಿಗೆ, ಅಲ್ಲಿಂದ ಅವನ ಗೆಳೆಯರ ಕೋಣೆಗೆ. ಎಲ್ಲರನ್ನೂ ಒಮ್ಮೆಗೇ ಹೊರಹಾಕುವ ಗುಂಡಿಯು ಖಾತೆಯ ಪುಟದಲ್ಲಿ ಇದ್ದೇ ಇದೆ, ಒತ್ತುವವರಾರು? ಮಗಳ ಬಾಳಿನ ಪ್ರಶ್ನೆ. ಆದಕಾರಣ ಇಂಥ ಸಂದರ್ಭದಲ್ಲಿ ಮನೆಯ ಯಜಮಾನರು ರಿಮೋಟನ್ನು ಕೆಳಗಿಟ್ಟು, ಮಕ್ಕಳ ಬಾಯಿ ಮುಚ್ಚಿಸಿ, ಅಳಿಯಂದಿರ ಫೋನು ಬಂದು “ಮಾವಾರ, ನಿಮ್ಮ ಕಡಿ ಚೊಲೊ ಬರಾಕತ್ಯಾದೇನ್ರಿ?” ಎಂದು ಕೇಳಿದ ಪಕ್ಷದಲ್ಲಿ, “ಇಲ್ರಿ, ಇಲ್ಲಿ ಕರೆಂಟೇ ಇಲ್ರಿ” ಎಂದು ದೇವದುರ್ಗದ ಪ್ರಸ್ಥಾನಾನುಸಾರವಾಗಿ ಉತ್ತರಿಸತಕ್ಕದ್ದು.