ಎರಡು ಮಿಲಿಮೀಟರ್ ಮಾವ

ನಮ್ಮ ಸೋದರಮಾವ ಅತ್ತೆಯನ್ನು ನೋಡಿದ್ದು ಒಂದು ಭಾನುವಾರ, ಒಪ್ಪಿದ್ದು ಉಪ್ಪಿಟ್ಟಿನ ತಟ್ಟೆ ಖಾಲಿಯಾಗುವ ಮೊದಲು. ಅದೇ ಮಾವ ತಮ್ಮ ರೇಡಿಯೋ ವಿಮಾನಕ್ಕೆ ಒಂದು ಕ್ಲೆವಿಸ್ ಆರಿಸಲು ಯುಗಾದಿಯಿಂದ ಗೌರಿಹಬ್ಬದವರೆಗೆ ತೆಗೆದುಕೊಂಡರು. ಬಂದ ನೆಂಟರಿಗೆಲ್ಲ ಅತ್ತೆ ಕಾಫಿಯ ಜೊತೆಗೆ ಈ ಲೆಕ್ಕವನ್ನೂ ಒಪ್ಪಿಸುತ್ತಾರೆ.

ಕ್ಲೆವಿಸ್ ಏನೆಂದು ಗೊತ್ತಿಲ್ಲದವರು ಪುಣ್ಯವಂತರು. ವಿಮಾನದ ಹೊಟ್ಟೆಯಲ್ಲಿ ಸರ್ವೋ ಎಂಬ, ಬೆಂಕಿಪೊಟ್ಟಣದಷ್ಟೂ ಇಲ್ಲದ ಮೋಟರು ಕೂತಿರುತ್ತದೆ. ಅದರ ತೋಳಿನಿಂದ ಬಾಲದಲ್ಲಿ ಮೇಲೆ ಕೆಳಗೆ ಆಡುವ ಎಲಿವೇಟರ್ ಪಟ್ಟಿಯವರೆಗೆ ಒಂದು ತಂತಿ. ತಂತಿಯ ತುದಿಯಲ್ಲಿ, ಎಲಿವೇಟರಿನ ಹಾರ್ನ್ ಎಂಬ ತೂತುಗಳ ಕೊಂಬನ್ನು ಕಚ್ಚುವ, ಬಟ್ಟೆ ಒಣಹಾಕುವ ಕ್ಲಿಪ್ಪಿನ ಮರಿಯಂಥ ಎರಡು ದವಡೆಯ ಕೊಂಡಿ, ಅದು ಕ್ಲೆವಿಸ್. ಮಾವನ ಪ್ರಕಾರ ವಿಮಾನವೆಂದರೆ ಅದೇ. ಉಳಿದದ್ದು ಅದನ್ನು ಹೊತ್ತು ತಿರುಗುವ ಬಾಲ್ಸಾ ಕಟ್ಟಿಗೆ.

ಇಂಥವರು ಬೆಂಗಳೂರಿನಲ್ಲಿ ಬಡಾವಣೆಗೊಬ್ಬರು ಇರುತ್ತಾರೆ. ಕಾರ್ಖಾನೆಯ ಟೂಲ್ ರೂಮಿನಿಂದ ನಿವೃತ್ತಿ, ಜೇಬಿನಲ್ಲಿ ಪೆನ್ನಿನ ಜಾಗದಲ್ಲಿ ವರ್ನಿಯರ್ ಕ್ಯಾಲಿಪರ್, ಮದುವೆ ಊಟದಲ್ಲಿ ಹಪ್ಪಳದ ದಪ್ಪ ಅಳೆಯುವ ಚಟ.

"ತಂತಿಯನ್ನೇ ಝಡ್ ಆಕಾರಕ್ಕೆ ಬಗ್ಗಿಸಿ ತೂತಿಗೆ ತೂರಿಸಿಬಿಡಿ ಮಾವ, ಕಳಚೋದೇ ಇಲ್ಲ" ಅಂದೆ ಒಮ್ಮೆ.

"ಅರ್ಧ ಮಿಲಿಮೀಟರ್ ಉದ್ದ ಮಾಡಬೇಕಾದ್ರೆ ನಿಮ್ಮಪ್ಪ ಬಂದು ಎಳೀತಾನಾ?"

"ಸ್ಕ್ರೂ ಬಿಗಿಯೋ ಕನೆಕ್ಟರ್ ಇದೆಯಲ್ಲ?"

"ಒಂದು ಸ್ಕ್ರೂ ನಂಬಿ ಆಕಾಶಕ್ಕೆ ಬಿಡೋಕೆ ಅದೇನು ಗಾಳಿಪಟಾನಾ? ಅದುರಿ ಸಡಿಲ ಆಯ್ತು ಅಂದ್ರೆ ತಂತಿ ಜಾರುತ್ತೆ."

ಬಾಲ್ ಲಿಂಕಿನ ಮಾತೆತ್ತಿದರೆ ಅದು ಹೆಲಿಕಾಪ್ಟರಿನವರ ಶೋಕಿ. ಕಬ್ಬಿಣದ ಕ್ಲೆವಿಸ್ ಕಬ್ಬಿಣದ ಹಾರ್ನಿಗೆ ತಿಕ್ಕಿದರೆ ರೇಡಿಯೋ ಕೆಡುತ್ತದಂತೆ. ಅದು ಹಳೇ ಸೆಟ್ಟುಗಳ ಕಾಯಿಲೆ, ಈಗಿನ 2.4 ಗಿಗಾಹರ್ಟ್ಸ್‌ನಲ್ಲಿ ಆ ಭಯ ಅಷ್ಟಾಗಿ ಇಲ್ಲ ಎಂದು ಹೇಳಿ ನಾನು ಒಂದು ಕಾಫಿ ಕಳೆದುಕೊಂಡೆ. ಅವರ ನಿಜವಾದ ಶತ್ರು 'ಪ್ಲೇ', ಅಂದರೆ ಜೋಡಣೆಯ ಸಡಿಲಾಟ. ಎಲಿವೇಟರನ್ನು ಕಿವಿಗೆ ಹಿಡಿದು, ಡಾಕ್ಟರು ಎದೆಬಡಿತ ಕೇಳುವಂತೆ ಅಲ್ಲಾಡಿಸಿ, "ಟಿಕ್ ಅಂತು" ಎಂದು ಮುಖ ಬಾಡಿಸುತ್ತಾರೆ. ತಂತಿಯನ್ನು ಸರ್ವೋ ತೋಳಿನ ಒಳತೂತಿಗೂ ಬಾಲದ ಹಾರ್ನಿನ ಹೊರತೂತಿಗೂ ಹಾಕಿದರೆ ಆ ಟಿಕ್ ತಗ್ಗುತ್ತದೆ. ಇದನ್ನು ನಮ್ಮ ಮನೆಯ ಕೆಲಸದಾಕೆಯೂ ಬಲ್ಲಳು.

ಕೊನೆಗೆ ಅಮೆರಿಕದ ಅಣ್ಣನ ಸೂಟ್‌ಕೇಸಿನಲ್ಲಿ 2-56 ಅಳತೆಯ ನೈಲಾನ್ ಕ್ಲೆವಿಸ್ ಬಂತು. ಎಸ್.ಪಿ. ರಸ್ತೆಯಿಂದ ಎಂ2 ಕಡ್ಡಿ ಬಂತು. ಎರಡಕ್ಕೂ ಜಾತಕ ಕೂಡಲಿಲ್ಲ. ಅಮೆರಿಕದ್ದಕ್ಕೆ ಇಂಚಿಗೆ ಥ್ರೆಡ್ಡಿನ 56 ಸುತ್ತು, ಎಂ2ಗೆ 63 ಚಿಲ್ಲರೆ, ಮೇಲಾಗಿ ಕಡ್ಡಿಯೂ ಕೊಂಚ ಬಡಕಲು. ಹಿಡಿದಂತೆ ನಟಿಸಿ, ಎಳೆದರೆ ಕೈಗೆ ಬರುತ್ತಿತ್ತು. ಮಾವ ಎರಡು ದಿನ ಪೇಪರ್ ಓದಲಿಲ್ಲ.

ಮೂರನೇ ದಿನ ಹಾಲು ತರಲು ಹೋದವರು ಸೈಕಲ್ ಅಂಗಡಿಯ ಮುಂದೆ ನಿಂತುಬಿಟ್ಟರು. ಹುಡುಗ ಚಕ್ರಕ್ಕೆ ಕಡ್ಡಿ ಕಟ್ಟುತ್ತಿದ್ದ. ಎರಡು ಮಿಲಿಮೀಟರಿನ ಸೈಕಲ್ ಕಡ್ಡಿ, ತುದಿಯಲ್ಲಿ ಇಂಚಿಗೆ 56 ಸುತ್ತು! ಕ್ಲೆವಿಸ್ ಸರಾಗವಾಗಿ ಏರಿ ಕೂತಿತು. ದವಡೆ ಬಾಯಿಬಿಡದಂತೆ ಮೇಲೊಂದು ಸಿಲಿಕೋನ್ ಟ್ಯೂಬಿನ ಉಂಗುರ ತೊಡಿಸಿದರು. ಹಾಲು ಅಂಗಡಿಯಲ್ಲೇ ಉಳಿಯಿತು.

ಹಬ್ಬ ಮುಗಿದ ಭಾನುವಾರ, ಸೈಟು ಕಲ್ಲು ನೆಟ್ಟು ಮನೆ ಏಳದ ಒಂದು ಲೇಔಟಿಗೆ ಹೋದೆವು. ನಾನು ಓಡಿ ಎಸೆದೆ. ಮಾವ ರಿಮೋಟಿನ ಕಡ್ಡಿಯನ್ನು ತಮ್ಮತ್ತ ಎಳೆದರು, ಅಂದರೆ ಮೇಲಕ್ಕೆ. ವಿಮಾನ ವಿಧೇಯವಾಗಿ ಕೆಳಕ್ಕೆ ಹೋಯಿತು. ಇನ್ನಷ್ಟು ಎಳೆದರು. ಇನ್ನಷ್ಟು ವಿಧೇಯವಾಗಿ ಮಣ್ಣಿಗೆ ಮೂಗು ಊರಿತು. ಐದು ತಿಂಗಳಲ್ಲಿ ಎಲ್ಲವನ್ನೂ ಅಳೆದಿದ್ದ ಮಾವ, ಸರ್ವೋ ಉಲ್ಟಾ ತಿರುಗುತ್ತಿದೆಯೇ ಎಂದು ಮಾತ್ರ ನೋಡಿರಲಿಲ್ಲ. ರಿಮೋಟಿನಲ್ಲಿ ಒಂದು ಗುಂಡಿಯ ಕೆಲಸ.

ಮಾವ ಓಡಿದರು. ಮುರಿದ ರೆಕ್ಕೆ ದಾಟಿದರು, ಮೋಟರು ದಾಟಿದರು. ಬಾಲದ ತುಂಡೆತ್ತಿ ಕಿವಿಗೆ ಹಿಡಿದು ಅಲ್ಲಾಡಿಸಿದರು.

"ಕೇಳೋ ಇಲ್ಲಿ. ಟಿಕ್ ಇಲ್ಲ!"

"ಹಾರ್ತಾ?" ಎಂದು ಅತ್ತೆ ಬಾಗಿಲಲ್ಲೇ ಕೇಳಿದರು. "ಕ್ಲೆವಿಸ್ ನೂರಕ್ಕೆ ನೂರು ಕಣೇ" ಎಂದು ಮಾವ ಒಳಗೆ ನಡೆದರು.

ಈಗ ದೋಣಿ ಶುರುವಾಗಿದೆ. 1898ರಲ್ಲಿ ಟೆಸ್ಲಾ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ರೇಡಿಯೋ ದೋಣಿ ಓಡಿಸಿದ್ದನ್ನು ಎಲ್ಲರೂ ಹೊಗಳುತ್ತಾರೆ, ಚುಕ್ಕಾಣಿಯನ್ನು ಮೋಟರಿಗೆ ಹೇಗೆ ಜೋಡಿಸಿದ ಎಂದು ಒಬ್ಬನೂ ಕೇಳುವುದಿಲ್ಲ ಎನ್ನುವುದು ಮಾವನ ಹೊಸ ಕೊರಗು. ನೀರಿಗೆ ಕಬ್ಬಿಣ ತುಕ್ಕು ಹಿಡಿಯುತ್ತದೆ, ಹಿತ್ತಾಳೆಯೋ, ಸ್ಟೇನ್‌ಲೆಸ್ಸೋ? ಅತ್ತೆ ಕ್ಯಾಲೆಂಡರಿನಲ್ಲಿ ಮಹಾನವಮಿಯ ದಿನಕ್ಕೆ ಗುಂಡಗೆ ಗೀಟು ಎಳೆದು, 'ಶುರು' ಎಂದು ಬರೆದಿಟ್ಟಿದ್ದಾರೆ.